ವ್ಯಾಪಾರ ಸಾಮರ್ಥ್ಯಕ್ಕೆ ಬ್ಯಾಂಕ್ ನೆರವು: ಯಾವುದನ್ನು ಆರಿಸಬೇಕು?

ಅಭಿವೃದ್ಧಿಶೀಲ ದೇಶದ ವಾಣಿಜ್ಯ ಸಚಿವಾಲಯವು ನೆರವು ಕೇಳುವ ಮೊದಲು ತನ್ನ ಸರಕು ಎಲ್ಲಿ ಸಿಕ್ಕಿಬೀಳುತ್ತಿದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಸುಂಕ, ಆರೋಗ್ಯ ಮತ್ತು ಬಂದರು ಇಲಾಖೆಗಳು ಒಂದೇ ದಾಖಲೆಯನ್ನು ಬೇರೆ ಬೇರೆಯಾಗಿ ಕೇಳುತ್ತ, ಹಣ್ಣಿನ ಕಂಟೇನರ್ ಗಡಿಯಲ್ಲೇ ಕೊಳೆಯುತ್ತಿದ್ದರೆ, ವಿಶ್ವ ಬ್ಯಾಂಕ್ 2014ರಲ್ಲಿ ಆರಂಭಿಸಿದ ವ್ಯಾಪಾರ ಸುಗಮತೆ ನೆರವು ಕಾರ್ಯಕ್ರಮವೇ ಸೂಕ್ತ. 2017ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಸುಗಮತೆ ಒಪ್ಪಂದವನ್ನು ಅನುಷ್ಠಾನಗೊಳಿಸಲು ಅದು ತಜ್ಞರ ಸಲಹೆ ಮತ್ತು ತರಬೇತಿ ನೀಡುತ್ತದೆ. ಆದರೆ ಸಲಹೆಯಿಂದ ರಸ್ತೆಯಾಗಲಿ ಶೀತಲಗೃಹವಾಗಲಿ ಏಳುವುದಿಲ್ಲ. ಅದಕ್ಕೆ ಸಾಲ ಬೇಕು, ಸಾಲಕ್ಕೆ ವರ್ಷಗಟ್ಟಲೆ ತಯಾರಿ ಬೇಕು.

ಏಷ್ಯಾ ಅಭಿವೃದ್ಧಿ ಬ್ಯಾಂಕಿನ ವ್ಯಾಪಾರ ಮತ್ತು ಪೂರೈಕೆ ಸರಪಳಿ ಹಣಕಾಸು ಕಾರ್ಯಕ್ರಮದ ದಾರಿಯೇ ಬೇರೆ. ಸ್ಥಳೀಯ ಬ್ಯಾಂಕ್ ಕೊಟ್ಟ ಲೆಟರ್ ಆಫ್ ಕ್ರೆಡಿಟ್ ಅನ್ನು, ಅಂದರೆ ಖರೀದಿದಾರನ ಪರವಾಗಿ ಹಣ ಪಾವತಿಸುವ ಲಿಖಿತ ಭರವಸೆಯನ್ನು, ವಿದೇಶಿ ಬ್ಯಾಂಕ್ ನಂಬದಿದ್ದಾಗ ಈ ಕಾರ್ಯಕ್ರಮ ಖಾತರಿ ನೀಡುತ್ತದೆ. ಆಮದಿಗೆ ಹಣದ ದಾರಿಯೇ ಮುಚ್ಚಿರುವ ಸಣ್ಣ ಉದ್ದಿಮೆಗಳಿಗೆ ಇದರಿಂದ ಬೇಗ ಫಲ ಸಿಗುತ್ತದೆ, ಆದರೆ ಸುಂಕದ ಕಚೇರಿ ಇದರಿಂದ ಸುಧಾರಿಸುವುದಿಲ್ಲ.

ಪ್ರಯೋಗಾಲಯದ ವರದಿಯಿಲ್ಲದೆ ಆಹಾರ ರಫ್ತು ತಿರಸ್ಕೃತವಾಗುತ್ತಿದ್ದರೆ, ವಿಶ್ವ ಬ್ಯಾಂಕೂ ಪಾಲುದಾರನಾಗಿರುವ ಎಸ್‌ಟಿಡಿಎಫ್ (ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯ ಆರೋಗ್ಯದ ಮಾನದಂಡ ಪಾಲಿಸಲು ನೆರವಾಗುವ ನಿಧಿ) ನೀಡುವ ಅನುದಾನವನ್ನು ನಾನು ಮೊದಲು ಕೇಳುತ್ತೇನೆ: ಮೊತ್ತ ಚಿಕ್ಕದು, ಮರುಪಾವತಿಯ ಹೊರೆಯಿಲ್ಲ.