ಮರೆವಿನ ಕಾಯಿಲೆಯವರಿಗೆ "ಟೆನ್ಶನ್ ಮಾತ್ರೆ" ಬರೆದುಕೊಟ್ರೆ ಸುಮ್ಮನೆ ತಗೊಂಡು ಬರಬೇಡ್ರಿ

ದಾವಣಗೆರೆ, ಹರಿಹರ, ಜಗಳೂರು ಕಡೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರೋ ಹಿರಿಯರನ್ನ ಮನೆಯಲ್ಲಿ ನೋಡಿಕೊಳ್ತಿರೋರು ಇದನ್ನ ಪೂರ್ತಿ ಓದ್ರಿ. ಸಿಟ್ಟಲ್ಲೇ ಬರೀತಿದೀನಿ, ಹಿಂದುಮುಂದಾದ್ರೆ ಕ್ಷಮಿಸಿ.

ನಮ್ಮ ಅತ್ತೆಯವರಿಗೆ ಮರೆವಿನ ಕಾಯಿಲೆ. ಮಾತು ಕಮ್ಮಿ ಮಾಡಿ ಒಂದೇ ಕಡೆ ಕೂತಿರ್ತಾರೆ ಅಂತ ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದ್ವಿ. ಡಾಕ್ಟರು ಐದು ನಿಮಿಷವೂ ನೋಡಲಿಲ್ಲ. "ಡಿಪ್ರೆಶನ್ ಐತ್ರಿ, ಟೆನ್ಶನ್‌ಗೆ ಸಣ್ಣ ಮಾತ್ರೆ ಬರೀತೀನಿ, ಮನಸ್ಸು ಹಗುರಾಗುತ್ತೆ" ಅಂದ್ರು. ಊಟ ನಿದ್ದೆ ಹೇಗಿದೆ, ಅಳ್ತಾರಾ, ಬಿಪಿಗೆ ಯಾವ ಮಾತ್ರೆ ನಡೀತಿದೆ, ಒಂದನ್ನೂ ಕೇಳಲಿಲ್ಲ. ಮಾತ್ರೆ ಕೊಟ್ಟಿದ್ದು ಪಕ್ಕದಲ್ಲೇ ಇರೋ ಮೆಡಿಕಲ್ ಶಾಪ್. ಸ್ಟ್ರಿಪ್ ಕತ್ತರಿಸಿ, ಹೆಸರಿಲ್ಲದ ತುಂಡನ್ನ ಕಾಗದದ ಕವರ್‌ಗೆ ಹಾಕಿ "ರಾತ್ರಿ ಒಂದು" ಅಂತ ಗೀಚಿ ಕೊಟ್ರು.

ಕೆಲವೇ ದಿನದಲ್ಲಿ ಮಂಪರು ಶುರುವಾಯ್ತು. ಸಂಜೆ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಅಗಿಯೋದನ್ನೇ ಬಿಟ್ಟು, ಕಣ್ಣು ಮುಚ್ಚಿ ಕೂತಿರೋರು. ಬಾಯೊಳಗೆ ಬೆರಳು ಹಾಕಿ ತೆಗೀಬೇಕಿತ್ತು, ಇಲ್ಲಾಂದ್ರೆ ಶ್ವಾಸನಾಳಕ್ಕೆ ಇಳಿಯುತ್ತೆ. ಬಚ್ಚಲಿಗೆ ಹೋಗುವಾಗ ಕಾಲು ತೊಡರೋದು, ಮಗನನ್ನೇ "ಯಾರಪ್ಪಾ ನೀನು" ಅನ್ನೋದು. ಫೋನ್ ಮಾಡಿದ್ರೆ ಬಂದ ಉತ್ತರ: "ಮರೆವಿನ ಕಾಯಿಲೆ ಜಾಸ್ತಿ ಆಗೈತಿ, ಅದು ಹಂಗೇನೆ. ಬೆಳಗ್ಗೆನೂ ಒಂದು ಕೊಡ್ರಿ." ಡೋಸ್ ಡಬಲ್! ಮಾತ್ರೆಯಿಂದ ಆಗಿದ್ದನ್ನ ಕಾಯಿಲೆಯ ತಲೆಗೆ ಕಟ್ಟಿ, ಅದೇ ಮಾತ್ರೆ ಹೆಚ್ಚು ಮಾಡಿದ್ರು.

ಗೊತ್ತಾಗಿದ್ದು ಬೇರೆ ಅಂಗಡಿಯಲ್ಲಿ ಇಡೀ ಸ್ಟ್ರಿಪ್ ತಗೊಂಡಾಗ. ಹಿಂಭಾಗದ ಸಣ್ಣ ಅಕ್ಷರದಲ್ಲಿ ಎರಡು ಔಷಧಿ ಇದ್ವು: ಖಿನ್ನತೆಗೆ ಕೊಡೋ ಎಸ್ಸಿಟಾಲೋಪ್ರಾಂ 10 ಮಿ.ಗ್ರಾಂ, ಕ್ಲೋನಾಜೆಪಾಂ 0.5 ಮಿ.ಗ್ರಾಂ. "ಸಣ್ಣ ಮಾತ್ರೆ" ಅಂದಿದ್ದು ಇದನ್ನ. ಆ ಕ್ಷಣ ಮೈಯೆಲ್ಲಾ ಉರಿದುಹೋಯ್ತು. ಕ್ಲೋನಾಜೆಪಾಂ ನಿದ್ದೆ ಮಾತ್ರೆಗಳ ಜಾತಿದು. ಡಿಮೆನ್ಷಿಯಾ ಇರೋರಿಗೆ ಗೊಂದಲ ಹೆಚ್ಚಿಸುತ್ತೆ, ಬೀಳಿಸುತ್ತೆ, ಈ ವಯಸ್ಸಲ್ಲಿ ಬಿದ್ರೆ ಸೊಂಟದ ಮೂಳೆ. ಎರಡೂ ಒಂದೇ ಮಾತ್ರೆಯಲ್ಲಿ ಇರೋದ್ರಿಂದ ಒಂದನ್ನ ಮಾತ್ರ ಇಳಿಸೋಕೂ ಆಗಲ್ಲ, ಅರ್ಧ ಮಾಡಿದ್ರೆ ಎರಡೂ ಅರ್ಧ ಆಗುತ್ತೆ. ದಿನಕ್ಕೆ ಎರಡು ಅಂದ್ರೆ ಎಸ್ಸಿಟಾಲೋಪ್ರಾಂ 20. ಅರವತ್ತೈದು ದಾಟಿದವರಿಗೆ 10 ಮಿ.ಗ್ರಾಂ ಮೀರಬಾರದು, ಹೃದಯದ ಬಡಿತ ಏರುಪೇರಾಗುತ್ತೆ ಅಂತ ಬ್ರಿಟನ್ನಿನ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದಾರೆ. ಮರೆವಿಗೆ ಕೊಡೋ ಡೊನೆಪೆಜಿಲ್ ಕೂಡ ಬಡಿತ ನಿಧಾನ ಮಾಡುತ್ತೆ. ಒಂದು ಇಸಿಜಿ ಕೂಡ ಮಾಡಿಸಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಇದನ್ನೇ ಕೇಳಿದ್ದಕ್ಕೆ ಡಾಕ್ಟರು ಅಂದಿದ್ದು, "ಅದು ಬರೀ ನಿದ್ದೆಗೆ ಸೇರಿಸಿರ್ತಾರ್ರಿ, ಏನೂ ಆಗಲ್ಲ. ನೀವು ಗೂಗಲ್ ನೋಡ್ಕಂಡು ಬಂದು ನನಗೆ ಹೇಳ್ತೀರಾ?" ನಾಲ್ಕು ಜನ ಪೇಷಂಟ್‌ಗಳ ಎದುರಿಗೆ.

ಏನೂ ಆಗಲ್ಲ ಅಂದ್ರಲ್ಲ, ಬೇರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ (ರಕ್ತದಲ್ಲಿರೋ ಉಪ್ಪಿನಂಶ) 118. ಇರಬೇಕಾದ್ದು 135ರಿಂದ 145. ಇನ್ನೂ ಇಳಿದಿದ್ರೆ ಫಿಟ್ಸ್ ಬರಬಹುದಿತ್ತು. ಎಸ್ಸಿಟಾಲೋಪ್ರಾಂ ಜಾತಿಯ ಖಿನ್ನತೆ ಮಾತ್ರೆಗಳು ವಯಸ್ಸಾದವರ ಮೈಯಲ್ಲಿ ನೀರು ನಿಲ್ಲಿಸಿ ಸೋಡಿಯಂ ತೆಳುವಾಗೋ ಹಾಗೆ ಮಾಡ್ತಾವೆ, ಸಾಮಾನ್ಯವಾಗಿ ಮೊದಲ ಕೆಲವು ವಾರದಲ್ಲೇ. ಜೊತೆಗೆ ಅತ್ತೆಯ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸೋ ಹೈಡ್ರೋಕ್ಲೋರೋಥಯಜೈಡ್ ಇತ್ತು. ಎರಡೂ ಸೇರಿದ್ರೆ ಅಪಾಯ ಇನ್ನೂ ಹೆಚ್ಚು. ನಿಮ್ಮ ಮನೆಯ ಬಿಪಿ ಮಾತ್ರೆ ಹೆಸರಿನ ಕೊನೆಗೆ "ಎಚ್" ಅಥವಾ "ಸಿಟಿ" ಅಂತ ಇದ್ರೆ ಹಿಂಭಾಗ ಓದ್ರಿ, ಬಹಳಷ್ಟು ಸಲ ಅದು ಅಥವಾ ಅದೇ ಜಾತಿಯ ಕ್ಲೋರ್ಥಾಲಿಡೋನ್ ಇರುತ್ತೆ. ಸೋಡಿಯಂ ಕಮ್ಮಿ ಅಂತ ಮನೆಯಲ್ಲೇ ಉಪ್ಪು ನೀರು ಕುಡಿಸಬೇಡ್ರಿ. ಅದನ್ನ ಆಸ್ಪತ್ರೆಯಲ್ಲಿ ನಿಧಾನಕ್ಕೇ ಏರಿಸಬೇಕು, ಬೇಗ ಏರಿಸಿದ್ರೆ ಮಿದುಳಿಗೆ ಪೆಟ್ಟು.

ಆ ರಿಪೋರ್ಟ್ ತೋರಿಸಿದಾಗ ಕ್ಲಿನಿಕ್ಕಿನವರು ಅಂದಿದ್ದು: "ವಯಸ್ಸಾದ ಮ್ಯಾಲೆ ಉಪ್ಪು ಕಮ್ಮಿ ಆಗೋದು ಸಹಜ." ಸಹಜ ಅಂತೆ!

ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಈ ಮಾತ್ರೆಗಳು ಡಿಮೆನ್ಷಿಯಾದವರ ಖಿನ್ನತೆಗೆ ಎಷ್ಟು ಕೆಲಸ ಮಾಡ್ತಾವೆ ಅನ್ನೋದೇ ಅನುಮಾನ. 2011ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನದಲ್ಲಿ ಆಲ್ಝೈಮರ್ (ಡಿಮೆನ್ಷಿಯಾದ ಒಂದು ಬಗೆ) ಜೊತೆ ಖಿನ್ನತೆ ಇದ್ದ 326 ಜನರಿಗೆ ಖಿನ್ನತೆ ಮಾತ್ರೆಗಳಾದ ಸರ್ಟ್ರಾಲಿನ್, ಮಿರ್ಟಜಪಿನ್ ಅಥವಾ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದ್ರು. 13 ವಾರಕ್ಕೂ 39 ವಾರಕ್ಕೂ ಖಾಲಿ ಮಾತ್ರೆಗಿಂತ ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚು. ಯಾರಿಗೂ ಕೊಡಲೇಬಾರದು ಅಂತಲ್ಲ. ಊಟ ಬಿಟ್ಟು, ಅಳ್ತಾ, "ಸಾಯ್ತೀನಿ" ಅನ್ನೋರಿಗೆ ತಡಮಾಡದೆ ಮನೋವೈದ್ಯರೇ ಬೇಕು, ಅವರು ಮಾತ್ರೆ ಬೇಕು ಅಂದ್ರೆ ಬೇಕು. ಆದ್ರೆ ಚೆನ್ನಾಗಿ ಉಂಡು ಮಲಗಿ, ದುಃಖವೂ ಇಲ್ಲದೆ, ಸುಮ್ಮನೆ ಆಸಕ್ತಿ ಕಳಕೊಂಡು ಕೂರೋದು ಎಷ್ಟೋ ಸಲ ಡಿಮೆನ್ಷಿಯಾದ್ದೇ ಲಕ್ಷಣ. ಥೈರಾಯ್ಡ್, ಬಿ12, ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ಕಿವಿ ಕೇಳದೆ ಇರೋದು, ಇವನ್ನ ಮೊದಲು ನೋಡಬೇಕು.

ಮಾತ್ರೆ ಶುರು ಮಾಡೋ ಮುಂಚೆ ಸೋಡಿಯಂ, ಇಸಿಜಿ ಮಾಡಿಸ್ರಿ. ಒಂದೆರಡು ವಾರದಲ್ಲಿ ಸೋಡಿಯಂ ಮತ್ತೆ. ರಕ್ತ ತೆಳು ಮಾಡೋ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಡೀತಿದ್ರೆ ಹೇಳ್ರಿ, ರಕ್ತಸ್ರಾವದ ಅಪಾಯ ಇದೆ. ಅಮಿಟ್ರಿಪ್ಟಿಲಿನ್ ಅನ್ನೋ ಹಳೇ ಖಿನ್ನತೆ ಮಾತ್ರೆ ಬರೆದ್ರೆ ಯಾಕೆ ಅಂತ ಕೇಳ್ರಿ, ಅದು ಮರೆವನ್ನೇ ಹೆಚ್ಚಿಸುತ್ತೆ, ಮೂತ್ರ ಕಟ್ಟಿಸುತ್ತೆ. ಸಿಟ್ಟಿಗೆ ಒಂದೇ ದಿನ ಮಾತ್ರೆ ನಿಲ್ಲಿಸಬೇಡ್ರಿ, ಕ್ಲೋನಾಜೆಪಾಂ ದಿಢೀರ್ ಬಿಟ್ರೆ ಫಿಟ್ಸ್ ಬರಬಹುದು, ಹಂತಹಂತವಾಗಿ ಇಳಿಸೋದು ಡಾಕ್ಟರ ಕೈಲೇ ಆಗಬೇಕು. ಇವತ್ತೇ ಕೇಳಬೇಕು ಅನ್ನೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮೆಡಿಕಲ್‌ನವರು ಸ್ಟ್ರಿಪ್ ಕತ್ತರಿಸೋಕೆ ಹೋದ್ರೆ ಕೈ ಹಿಡೀರಿ, ಹೆಸರಿರೋ ಭಾಗ ಬೇಕೇ ಬೇಕು ಅನ್ರಿ, ಬಿಲ್ ತಗೊಳ್ರಿ. ನಮ್ಮ ಹತ್ರ ಆ ಮೊದಲ ಕವರ್ ಒಂದೇ ಇದೆ, ಅದರ ಮೇಲೆ "ರಾತ್ರಿ ಒಂದು" ಬಿಟ್ರೆ ಏನೂ ಬರೆದಿಲ್ಲ, ಹಾಗಾಗಿ ದೂರು ಕೊಡೋಕೆ ಹೋದಲ್ಲೆಲ್ಲಾ "ಇದರಲ್ಲಿ ಏನಿದೆ ಅಂತ ನೋಡೋದ್ರಿ?" ಅಂತಿದಾರೆ.