ಅಂಗೋಲಾನೋ, ರೆಜಿಯೊನಾಲೋ? ಎರಡನ್ನೂ ಆಡಿ ನೋಡಿದ ಮೇಲೆ

ಬ್ರೆಜಿಲ್‌ನ ಕಾದಾಟದ ಆಟ ಕಾಪೊಯೆರಾ ಕಲಿಯಬೇಕು ಅಂತ ಹೊರಟವರು ಮೊದಲು ಕೇಳುವುದೇ ಇದು: ಅದರ ಎರಡು ಶೈಲಿಗಳಲ್ಲಿ ಅಂಗೋಲಾಗೆ ಸೇರಲೋ, ರೆಜಿಯೊನಾಲ್‌ಗೆ ಸೇರಲೋ? ನಾನು ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಏಳು ತಿಂಗಳು ಇದ್ದೆ. ನಾಲ್ಕು ತಿಂಗಳು ರೆಜಿಯೊನಾಲ್ ಕಲಿತೆ, ಉಳಿದ ಮೂರು ತಿಂಗಳು ಅಂಗೋಲಾ. ನನ್ನ ಮನಸ್ಸು ಅಂಗೋಲಾ ಕಡೆಗೇ. ಆದರೆ ಎಲ್ಲರಿಗೂ ಅದನ್ನೇ ಹೇಳಲಾರೆ.

ಎರಡರ ಬೇರೂ ಒಂದೇ. ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನ, ಅವರ ಮಕ್ಕಳು ಮೊಮ್ಮಕ್ಕಳು ಬ್ರೆಜಿಲ್‌ನಲ್ಲಿ ಬೆಳೆಸಿದ್ದು ಇದು. ಹೊಡೆದಾಟವೂ ಹೌದು, ಕುಣಿತವೂ ಹೌದು, ಹಾಡೂ ಹೌದು. ಅಲ್ಲಿನವರು ಮಾತ್ರ ಕಾಪೊಯೆರಾ 'ಆಡುತ್ತೇವೆ' ಅಂತಲೇ ಹೇಳುತ್ತಾರೆ. ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯಲ್ಲಿ, ಬೀದಿಯಲ್ಲಿ ಕಾಪೊಯೆರಾ ಆಡುವುದು ಅಪರಾಧವಾಯಿತು. ಬಿಡುಗಡೆ ಸಿಕ್ಕ ಬೆನ್ನಿಗೇ ಅವರ ಆಟವನ್ನು ಕಿತ್ತುಕೊಂಡರು. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಗಿತ್ತು.

ಬೀದಿಯಿಂದ ಅದನ್ನು ಸೂರಿನಡಿಗೆ ತಂದವರು ಮೆಸ್ತ್ರೆ ಬಿಂಬಾ. ಮೆಸ್ತ್ರೆ ಅಂದರೆ ಗುರು. ನಮ್ಮ 'ಮೇಸ್ತ್ರಿ' ಪದ ಬಂದಿದ್ದೂ ಇದೇ ಪೋರ್ಚುಗೀಸ್ ಪದದಿಂದ. ಬಿಂಬಾ 1932ರಲ್ಲಿ ಸಾಲ್ವಡಾರ್‌ನಲ್ಲಿ ಶಾಲೆ ತೆರೆದರು. 1937ರಲ್ಲಿ ಅದಕ್ಕೆ ಸರ್ಕಾರದ ಮಾನ್ಯತೆ ಸಿಕ್ಕಿತು. ಕಾಪೊಯೆರಾದ ಹೊಡೆತ ಮೊಂಡಾಗಿದೆ ಅನ್ನುವುದು ಅವರ ಕೊರಗು. ಅವರ ತಂದೆ ಬತೂಕಿ ಅನ್ನುವ ಕಾಲ್ಕುಸ್ತಿಯಲ್ಲಿ ಪಳಗಿದವರು. ಅದರ ಪಟ್ಟುಗಳನ್ನೂ ಸೇರಿಸಿ ಬಿಂಬಾ ಕಟ್ಟಿದ್ದೇ ರೆಜಿಯೊನಾಲ್.

ಕಲಿಯುವವರಿಗೆ ಇದರ ದೊಡ್ಡ ಅನುಕೂಲ ಅಂದರೆ ಕ್ರಮ. ಇಬ್ಬರು ಎದುರುಬದುರು ನಿಂತು ಮಾಡುವ ಎಂಟು ಪಾಠಗಳಿವೆ. ಒಬ್ಬರು ಒದೆಯುತ್ತಾರೆ, ಇನ್ನೊಬ್ಬರು ತಪ್ಪಿಸಿಕೊಂಡು ತಿರುಗಿ ಒದೆಯುತ್ತಾರೆ. ಮೊದಲ ದಿನ ನಮ್ಮ ಗುರು ನನ್ನ ಎರಡೂ ಕೈ ಹಿಡಿದು ಜಿಂಗಾ, ಅಂದರೆ ಆಟದ ಮೂಲ ಹೆಜ್ಜೆ, ಹೇಳಿಕೊಟ್ಟರು. ಬಲಗಾಲು ಹಿಂದೆ, ಮತ್ತೆ ಪಕ್ಕಕ್ಕೆ, ಆಮೇಲೆ ಎಡಗಾಲು ಹಿಂದೆ. ನೆಲದ ಮೇಲೆ ಒಂದು ತ್ರಿಕೋನ. ಬಿಂಬಾ ಕೂಡ ಹೀಗೇ ಕೈ ಹಿಡಿದು ಕಲಿಸುತ್ತಿದ್ದರಂತೆ. ಹತ್ತು ನಿಮಿಷಕ್ಕೆ ತೊಡೆ ಉರಿಯಲು ಶುರುವಾಯಿತು. ಎರಡು ತಿಂಗಳಲ್ಲಿ ಮೈ ಹಗುರಾಯಿತು, ಏದುಸಿರು ನಿಂತಿತು, ಒದೆತ ಎದೆಯ ಎತ್ತರಕ್ಕೆ ಹೋಯಿತು. ಆದರೆ ವೇಗ ಜಾಸ್ತಿ. ಸಿಮೆಂಟ್ ನೆಲದ ಮೇಲೆ ಅವಸರದಲ್ಲಿ ಆವೂ, ಅಂದರೆ ಪಕ್ಕಕ್ಕೆ ಹಾಕುವ ಲಾಗ, ಹಾಕಿಸಿದ್ದರಿಂದ ಮಣಿಕಟ್ಟು ಉಳುಕಿ ಎರಡು ವಾರ ಮನೆಯಲ್ಲೇ ಕೂತೆ.

ಅಂಗೋಲಾ ಅಂದ ತಕ್ಷಣ ಮೆಸ್ತ್ರೆ ಪಾಸ್ತಿನ್ಯಾ ನೆನಪಾಗುತ್ತಾರೆ. 1889ರಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಬೀದಿಯಲ್ಲಿ ದಿನಾ ಏಟು ತಿನ್ನುತ್ತಿದ್ದುದನ್ನು ನೋಡಿ, ಆಫ್ರಿಕಾ ಮೂಲದ ಒಬ್ಬ ಹಿರಿಯರು ಕರೆದು ಕಲಿಸಿದರು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರ ಶಾಲೆ ಶುರುವಾಗಿದ್ದು 1941ರಲ್ಲಿ. ಅಂಗೋಲಾ ತೀರಾ ಹಳೆಯದು, ರೆಜಿಯೊನಾಲ್ ಹೊಸದು ಅನ್ನುವವರು ಇದನ್ನು ಗಮನಿಸಬೇಕು. ಶಾಲೆಗಳಾಗಿ ಎರಡೂ ಒಂದೇ ಊರಲ್ಲಿ, ಹತ್ತು ವರ್ಷದ ಒಳಗೇ ರೂಪ ಪಡೆದವು.

ಅಂಗೋಲಾ ನಿಧಾನ, ಹಾಗಾಗಿ ಸುಲಭ ಅನ್ನುವುದು ಇನ್ನೊಂದು ತಪ್ಪು ಲೆಕ್ಕ. ನೆಲಕ್ಕೆ ಅಂಟಿದ ಹಾಗೆ ಬಾಗಿ, ಒಂದು ಅಂಗೈ ಮೇಲೆ ಭಾರ ಹಾಕಿ, ಎದುರಿನವರ ಮೇಲಿನ ಕಣ್ಣು ತೆಗೆಯದೆ ಸರಿಯಬೇಕು. ತೋಳು ಥರಥರ ನಡುಗುತ್ತದೆ. ವಾದ್ಯಗಳೂ ಜಾಸ್ತಿ. ರೆಜಿಯೊನಾಲ್‌ಗೆ ಒಂದು ಬೆರಿಂಬಾವ್, ಎರಡು ಪಂಡೇರೊ (ಕಂಜಿರದಂಥ ವಾದ್ಯ) ಸಾಕು. ಅಂಗೋಲಾದಲ್ಲಿ ಬೆರಿಂಬಾವೇ ಮೂರು. ಜೊತೆಗೆ ಪಂಡೇರೊ, ಅಗೊಗೊ ಅನ್ನುವ ಜೋಡಿ ಗಂಟೆ, ಕಡ್ಡಿಯಿಂದ ಗೀರಿ ನುಡಿಸುವ ರೆಕೊ ರೆಕೊ, ಅತಬಾಕಿ ಅನ್ನುವ ಎತ್ತರದ ಡೋಲು. ಬೆರಿಂಬಾವ್ ಅಂದರೆ ಬಿಲ್ಲಿಗೆ ತಂತಿ ಬಿಗಿದು, ಬುಡದಲ್ಲಿ ಸೋರೆ ಬುರುಡೆ ಕಟ್ಟಿದ ವಾದ್ಯ. ಬುರುಡೆಯನ್ನು ಹೊಟ್ಟೆಗೆ ಒತ್ತಿದರೆ ದನಿ ಮುಚ್ಚುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಆಟ ಯಾವಾಗ ಶುರು, ಎಷ್ಟು ವೇಗ, ಯಾವಾಗ ನಿಲ್ಲಬೇಕು, ಎಲ್ಲ ಅದರದ್ದೇ ಮಾತು.

ನನ್ನನ್ನು ಹಿಡಿದಿಟ್ಟಿದ್ದು ಶಮಾದಾ. ಆಟದ ನಡುವೆ ಒಬ್ಬರು ಸುಮ್ನೆ ನಿಂತು ತೋಳು ಚಾಚಿ ಕರೆಯುತ್ತಾರೆ. ಇನ್ನೊಬ್ಬರು ಎಚ್ಚರದಿಂದ ಹತ್ತಿರ ಹೋಗಿ ಅಂಗೈಗೆ ಅಂಗೈ ಸೇರಿಸಬೇಕು. ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ. ಒಮ್ಮೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಹೀಗೆ ನನ್ನನ್ನು ಕರೆದರು. ಅಂಗೈ ಬೆಚ್ಚಗಿತ್ತು, ಮುಖದಲ್ಲಿ ನಗು. ನಾನು ಆ ನಗುವನ್ನೇ ನೋಡುತ್ತಿದ್ದೆ. ಅವರ ಮೊಣಕಾಲು ನನ್ನ ಹೊಟ್ಟೆಯಿಂದ ಒಂದು ಬೆರಳಿನಷ್ಟು ದೂರದಲ್ಲಿ ಬಂದು ನಿಂತಿತ್ತು. ಹೊಡೆಯಲಿಲ್ಲ. ಹೊಡೆಯಬಹುದಿತ್ತು ಅಂತ ತೋರಿಸಿದರು, ಅಷ್ಟೇ. ನಾಲ್ಕು ತಿಂಗಳ ಒದೆತದಲ್ಲಿ ಕಲಿಯದ ಒಂದು ಪಾಠ ಆ ಕ್ಷಣದಲ್ಲಿ ಮೈಗೆ ಇಳಿಯಿತು.

ಬ್ರೆಜಿಲ್‌ನ ಆಚೆ ನಿಮಗೆ ಸಿಗುವುದು ಹೆಚ್ಚಾಗಿ ಮೂರನೆಯದು, ಕಂಟೆಂಪೊರೇನಿಯಾ. 1960ರ ದಶಕದಲ್ಲಿ ರಿಯೋದ ಸೆಂಜಾಲಾ ಗುಂಪಿನ ಹುಡುಗರಿಂದ ಬೆಳೆದ ದಾರಿ. ಸೊಂಟಕ್ಕೆ ಕಟ್ಟುವ ಬಣ್ಣದ ಹಗ್ಗ ಬಂದಿದ್ದು ಇಂಥ ಗುಂಪುಗಳಿಂದ. ಬಿಂಬಾ ತಮ್ಮ ಶಿಷ್ಯರಿಗೆ ಕೊಡುತ್ತಿದ್ದುದು ರೇಷ್ಮೆ ಕರವಸ್ತ್ರ. ಕಂಟೆಂಪೊರೇನಿಯಾ ನಾನು ಕಲಿತಿಲ್ಲ, ಹಾಗಾಗಿ ಜಾಸ್ತಿ ಹೇಳುವುದಿಲ್ಲ.

ನಿಮಗೆ ಮೂರ್ನಾಲ್ಕು ತಿಂಗಳು ಮಾತ್ರ ಇದ್ದರೆ, ಮೈ ಪಳಗಬೇಕು, ದಿನಾ ಏನು ಕಲಿತೆ ಅಂತ ಲೆಕ್ಕ ಸಿಗಬೇಕು ಅಂದರೆ ರೆಜಿಯೊನಾಲ್‌ಗೇ ಹೋಗಿ. ಹಾಡು, ವಾದ್ಯ, ಎದುರಿನವರ ಮನಸ್ಸು ಓದುವ ಆಟ ಬೇಕು, ತಾಳ್ಮೆ ಇದೆ ಅನ್ನುವುದಾದರೆ ಅಂಗೋಲಾ. ಅಂಗೋಲಾಗಾದರೆ ಮೊದಲ ದಿನ ಶೂ ಹಾಕಿಕೊಂಡು ಹೋಗಿ. ನಾನು ಕಲಿತ ರೆಜಿಯೊನಾಲ್ ತರಗತಿಯಲ್ಲಿ ಎಲ್ಲರೂ ಬರಿಗಾಲು. ಅಂಗೋಲಾದವರು ಶೂ ಹಾಕಿ, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡೇ ಆಟ ನಡೆಯುವ ವೃತ್ತದೊಳಗೆ ಕಾಲಿಡುತ್ತಾರೆ.