ಡಾಕ್ಟರ ಅಪಾಯಿಂಟ್‌ಮೆಂಟ್: ಕೊಡಗಿನಲ್ಲಿ ಯಾವ ದಾರಿ ಹೆಚ್ಚು ಕೈಕೊಡುತ್ತದೆ?

ಕೊಡಗಿನಲ್ಲಿ ತಜ್ಞ ವೈದ್ಯರನ್ನು ಕಾಣಲು ಮುಖ್ಯವಾಗಿ ನಾಲ್ಕು ದಾರಿ: ಹೊರಗಿನಿಂದ ವಾರಕ್ಕೊಮ್ಮೆ ಬಂದು ಕೂರುವ ವಿಸಿಟಿಂಗ್ ಡಾಕ್ಟರು, ಮಡಿಕೇರಿಯ ಜಿಲ್ಲಾ ಆಸ್ಪತ್ರೆ, ಮೈಸೂರು–ಮಂಗಳೂರಿನ ದೊಡ್ಡಾಸ್ಪತ್ರೆ, ಮೊಬೈಲಿನಲ್ಲೇ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡುವ ಸರ್ಕಾರದ ಇ-ಸಂಜೀವಿನಿ. ನಾಲ್ಕನ್ನೂ ಬಳಸಿ ನೋಡಿದರೆ, ಹೇಳಿದ ಹೊತ್ತಿಗೆ ಸರಿಯಾಗಿ ನೋಡುವ ಜಾಗ ಒಂದೂ ಇಲ್ಲ. ಆದ್ದರಿಂದ ಅಪಾಯಿಂಟ್‌ಮೆಂಟ್ ತಪ್ಪಿದ ದಿನ ಎಲ್ಲಿ ಕಡಿಮೆ ನಷ್ಟ ಅನ್ನುವುದರ ಮೇಲೆ ಆಯ್ಕೆ ಮಾಡುವುದೇ ಸರಿ.

ಹೆಚ್ಚು ಕೈಕೊಡುವುದು ವಿಸಿಟಿಂಗ್ ಡಾಕ್ಟರ ದಾರಿ. ಅವರ ಮೂಲ ಆಸ್ಪತ್ರೆಯಲ್ಲಿ ತುರ್ತು ಆಪರೇಷನ್ ಬಂದರೆ ಮೊದಲು ಬಿಟ್ಟುಹೋಗುವುದು ಇಲ್ಲಿನ ಸರದಿ. ಹೆಸರು ಬರೆಸಿದವರು ನಾಲ್ಕೈದೇ ಜನ ಇದ್ದರೂ ಅಷ್ಟೆ. ಮಳೆಗಾಲದಲ್ಲಿ ಸಂಪಾಜೆ ಘಾಟಿಯದು ಬೇರೆ ಕಥೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಬಳಿ ಗುಡ್ಡ ಕುಸಿದಾಗ ಮಂಗಳೂರು ರಸ್ತೆಯೇ ಇರಲಿಲ್ಲ. ಎಲ್ಲರಿಗೂ ‘10 ಗಂಟೆಗೆ ಬನ್ನಿ’ ಎಂದೇ ಹೇಳಿರುತ್ತಾರೆ. ಅದು ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತು, ನಿಮ್ಮ ಹೊತ್ತಲ್ಲ.

ಫೋನ್ ಮಾಡಿ ‘ಡಾಕ್ಟ್ರು ಇದ್ದಾರಾ?’ ಎಂದರೆ ‘ಬರ್ತಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೈಸೂರಿನಿಂದ ಬರುವವರಾದರೆ ‘ಪಿರಿಯಾಪಟ್ಟಣ ದಾಟಿದ್ರಾ?’ ಎಂದು ಕೇಳಿ. ದಾಟಿದ್ದರೆ ಮಡಿಕೇರಿಗೆ ಇನ್ನೊಂದೂವರೆ ಗಂಟೆಯೊಳಗೆ ಬಂದಾರು. ನೀವು ಸಾಲಿನಲ್ಲಿ ಕೂತ ಮೇಲಾದರೆ ಎರಡು ಪ್ರಶ್ನೆ ಸಾಕು: ಎಷ್ಟು ಗಂಟೆಗೆ ಶುರು ಮಾಡಿದರು, ಈಗ ಎಷ್ಟನೇ ಟೋಕನ್ ಒಳಗಿದೆ? ಒಂದು ಗಂಟೆಯಲ್ಲಿ 6 ಜನ ಹೋಗಿದ್ದರೆ, ನಿಮ್ಮದು 20 ಆದರೆ, ಇನ್ನೂ ಎರಡು ಗಂಟೆಗೆ ಮಿಕ್ಕಿ ಕಾಯಬೇಕು. ರಿಪೋರ್ಟ್ ತೋರಿಸುವವರು ನಡುವೆ ನುಗ್ಗುತ್ತಾರೆ. ಅದಕ್ಕೆ ಅರ್ಧ ಗಂಟೆ ಸೇರಿಸಿಕೊಳ್ಳಿ.

ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಈ ಸಾಲಿನಲ್ಲಿ ಕೂರಲೇಬಾರದು. ರಾತ್ರಿ ಊಟವಾಗಿ ಕನಿಷ್ಠ 8 ಗಂಟೆ ಕಳೆದ ರಕ್ತವನ್ನೂ, ತಿಂದು 2 ಗಂಟೆಯ ರಕ್ತವನ್ನೂ ಹಿಂದಿನ ದಿನವೇ ನಿಮ್ಮೂರಿನ ಲ್ಯಾಬಿನಲ್ಲಿ ಕೊಟ್ಟು, ರಿಪೋರ್ಟ್ ಹಿಡಿದು, ತಿಂಡಿ ತಿಂದೇ ಹೊರಡಿ.

ಜಿಲ್ಲಾ ಆಸ್ಪತ್ರೆಯಲ್ಲಿ ಸಾಲು ಉದ್ದ. ಆದರೆ ಅಲ್ಲಿಯದು ಅಂದಂದಿನ ಚೀಟಿ, ಹಾಗಾಗಿ ರದ್ದಾಗುವ ಮಾತು ಕಡಿಮೆ. 2016ರಿಂದ ವೈದ್ಯಕೀಯ ಕಾಲೇಜಿಗೆ ಸೇರಿರುವುದರಿಂದ ಒಬ್ಬ ಡಾಕ್ಟರು ರಜೆ ಹಾಕಿದರೆ ಅದೇ ವಿಭಾಗದ ಇನ್ನೊಬ್ಬರು ನೋಡುತ್ತಾರೆ. ‘ಅವರೇ ಬೇಕು’ ಅನ್ನುವವರಿಗೆ ಮಾತ್ರ ತೊಂದರೆ. ಕಾಲೇಜು ಆಸ್ಪತ್ರೆಗಳಲ್ಲಿ ಯೂನಿಟ್‌ಗಳಿಗೆ, ಅಂದರೆ ಡಾಕ್ಟರ ತಂಡಗಳಿಗೆ, ವಾರದ ದಿನ ಗೊತ್ತುಮಾಡಿರುತ್ತಾರೆ. ಆಪರೇಷನ್ ದಿನ ಹೋದರೆ ಸರ್ಜನ್ ಸಿಗುವುದಿಲ್ಲ. ಹಳೇ ಚೀಟಿ ಮಾಡಿಸಿದ್ದು ವಾರದ ಯಾವ ದಿನ ಎಂದು ನೋಡಿ, ಅದೇ ದಿನ ಹೋಗಿ. ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಆಭಾದ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ವ್ಯವಸ್ಥೆ ಇರುವ ಆಸ್ಪತ್ರೆಗಳಲ್ಲಿ ಹೆಸರು ಬರೆಸುವ ಸಾಲು ತಪ್ಪುತ್ತದೆ, ಡಾಕ್ಟರ ಬಾಗಿಲ ಸಾಲು ತಪ್ಪುವುದಿಲ್ಲ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಬೇರೆ ದಿನ ಆಗುವಂತಿದ್ದರೆ ಬೇರೆ ದಿನವೇ ಒಳ್ಳೆಯದು. ಗರ್ಭಿಣಿಯರಿಗೆ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶೇಷ ತಪಾಸಣೆ ಇದೆ. ಅಂದು ರಜೆ ಬಿದ್ದರೆ ಮುಂದಿನ ಕೆಲಸದ ದಿನ.

ಮೈಸೂರು ಮಡಿಕೇರಿಯಿಂದ ಸುಮಾರು 120 ಕಿ.ಮೀ., ಮಂಗಳೂರು ಇನ್ನೂ ಸ್ವಲ್ಪ ಹೆಚ್ಚು. ಜಿಲ್ಲೆಗೆ ರೈಲಿಲ್ಲ. ಆ್ಯಪ್‌ನಲ್ಲಿ ಹತ್ತು ಗಂಟೆಯ ಸ್ಲಾಟ್ ಸಿಕ್ಕರೂ ಬೆಳಗಿನ ಮೊದಲ ಬಸ್ಸು ಹಿಡಿಯಲೇಬೇಕು. ರದ್ದಾದ ಮೆಸೇಜು ಬರುವುದು ಬಸ್ಸು ಕುಶಾಲನಗರ ದಾಟಿದ ಮೇಲೆ! ಹನ್ನೊಂದೂವರೆಯ ನಂತರದ ಸ್ಲಾಟ್ ತೆಗೆದುಕೊಂಡು, ಹಿಂದಿನ ಸಂಜೆ ಕಾಲ್ ಸೆಂಟರಿಗಲ್ಲ, ಆ ವಿಭಾಗದ ಕೌಂಟರಿಗೇ ಫೋನ್ ಮಾಡಿ. ಪರೀಕ್ಷೆ, ಸ್ಕ್ಯಾನಿಂಗ್, ಡಾಕ್ಟರು ಮೂರೂ ಒಂದೇ ದಿನ ಮುಗಿಯುವುದು ಈ ದಾರಿಯ ದೊಡ್ಡ ಲಾಭ. ಹೃದಯ, ನರ, ಕ್ಯಾನ್ಸರ್‌ಗೆ ಹೋಗುವುದೇ ಸರಿ. ಆದರೆ ಸರ್ಕಾರವೇ ಚಿಕಿತ್ಸೆಯ ಖರ್ಚು ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಸೌಲಭ್ಯ ಬೇಕಾದವರು ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮಾಡಿಸಿಕೊಳ್ಳಬೇಕು. ಅದಿಲ್ಲದೆ ಹೋಗಿ ವಾಪಸ್ ಬರುವವರು ಬೇಕಾದಷ್ಟಿದ್ದಾರೆ.

ಇ-ಸಂಜೀವಿನಿ ಉಚಿತ. ಮೊಬೈಲ್ ನಂಬರಿಗೆ ಬಂದ ಒಟಿಪಿ ಹಾಕಿ, ವಿಭಾಗ ಆರಿಸಿ, ಹಳೇ ಚೀಟಿಯ ಫೋಟೊ ಸೇರಿಸಿದರೆ ಸರದಿ ಸಿಗುತ್ತದೆ. ಮಾತು ಮುಗಿದ ಮೇಲೆ ಔಷಧಿ ಚೀಟಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಚರ್ಮ, ಬಿಪಿ, ಹಳೇ ಮಾತ್ರೆಯ ಮುಂದುವರಿಕೆಗೆ ಸಾಕು. ಹೊಟ್ಟೆ ಮುಟ್ಟಿ ನೋಡಬೇಕಾದ ನೋವಿಗೆ, ಎದೆನೋವಿಗೆ ಖಂಡಿತ ಬೇಡ. ಕರೆಂಟ್ ಹೋದೊಡನೆ ಟವರ್ ಸಾಯುವ ತೋಟದ ಮನೆಗಳಲ್ಲಿ ವಿಡಿಯೊ ನಿಲ್ಲುವುದಿಲ್ಲ. ಅಂಥವರು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ (ಸರ್ಕಾರಿ ಆರೋಗ್ಯ ಕೇಂದ್ರ) ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಇದೇ ವ್ಯವಸ್ಥೆಯಲ್ಲಿ ಡಾಕ್ಟರ ಸಂಪರ್ಕ ಮಾಡಿಸುತ್ತಾರೆ, ಬಿಪಿಯನ್ನೂ ಅಳೆದು ತಿಳಿಸುತ್ತಾರೆ.

ಯಾವ ದಾರಿ ಹಿಡಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆ 10 ದಿನದ್ದು ಹೆಚ್ಚಿಗೆ ಮನೆಯಲ್ಲಿರಲಿ. ಅಪಾಯಿಂಟ್‌ಮೆಂಟನ್ನು ಮಾತ್ರೆ ಮುಗಿಯುವ ದಿನಕ್ಕಲ್ಲ, ಅದಕ್ಕಿಂತ ಒಂದು ವಾರ ಮೊದಲಿಗೆ ಕೇಳಿ.